ಹಳೇ ಗೋವಾದಲ್ಲಿ ‘ಹೆರಿಟೇಜ್ ವಾಕ್’ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೇ ಗೋವಾದ ಬೋಮ್ ಜೀಸಸ್ ಬೆಸಿಲಿಕಾ ಒಳಗೆ ಹೋಗಲು ಟಿಕೆಟ್ ಇಲ್ಲ. ರಸ್ತೆ ದಾಟಿದರೆ ಸಿಗುವ ಸೆ ಕ್ಯಾಥೆಡ್ರಲ್‌ಗೂ ಇಲ್ಲ. ಯಾರಾದರೂ ‘ಎಂಟ್ರಿ ಫೀ’ ಅಂತ ತಲೆಗೆ ನೂರು ರೂಪಾಯಿ ಕೇಳಿದರೆ ಕೊಡಬೇಡಿ. ನಾನು ಕೊಟ್ಟೆ. ನಾಲ್ಕು ಜನಕ್ಕೆ ನಾನೂರು. ಅದೂ ವಾಕ್‌ಗೆ ಅಂತ 4,800 ರೂಪಾಯಿ ಮೊದಲೇ ಕಳಿಸಿದ ಮೇಲೆ.

ಈಗ ಕಥೆ ಕೇಳಿ.

ಜನವರಿ ಕೊನೆಯ ವಾರ ನಾನು, ಹೆಂಡತಿ, ಮಗಳು, ಅಪ್ಪ ಗೋವಾಕ್ಕೆ ಹೋಗಿದ್ದೆವು. ಅಪ್ಪನಿಗೆ 74. ಈಗ ನಮ್ಮ ಜೊತೆ ಹುಬ್ಬಳ್ಳಿಯಲ್ಲಿದ್ದಾರೆ, ಆದರೆ ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ, ಅವರ ಬಾಯಲ್ಲಿ ಅದು ಇವತ್ತಿಗೂ ಬಿಜಾಪುರವೇ. ಮೊದಲು ಬರುವುದಿಲ್ಲ ಅಂದಿದ್ದರು, ಈ ವಯಸ್ಸಿನಲ್ಲಿ ಬೀಚ್ ನೋಡಿ ಏನು ಮಾಡಬೇಕು ಅಂತ. ಆಮೇಲೆ ಒಂದು ದಿನ ತಾವೇ ಕೇಳಿದರು: 1510ರಲ್ಲಿ ಪೋರ್ಚುಗೀಸರು ಕಿತ್ತುಕೊಳ್ಳುವ ತನಕ ಗೋವಾ ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿತ್ತು, ಅವರ ಅರಮನೆಯ ಒಂದು ಬಾಗಿಲು ಮಾತ್ರ ಇನ್ನೂ ನಿಂತಿದೆಯಂತೆ, ಅದನ್ನು ತೋರಿಸುತ್ತೀಯಾ? ಅಷ್ಟಕ್ಕೇ ಹೊರಟರು.

ಹಾಗಾಗಿ ನಾನು ಸುಮ್ನೆ ಕಾರು ಮಾಡಿಕೊಂಡು ಹೋಗುವುದು ಬೇಡ, ತಿಳಿದವರು ಜೊತೆಗಿರಲಿ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ಒಂದು ಜಾಹೀರಾತು ಸಿಕ್ಕಿತು. ‘ಬರೋಕ್ ಗೋವಾ’ (ಬರೋಕ್ ಅಂದರೆ ಯುರೋಪಿನ ಒಂದು ಹಳೇ ಕಟ್ಟಡ ಶೈಲಿ), ಮೂರು ಗಂಟೆ, ಎಂಟೇ ಜನ, ಪರವಾನಗಿ ಇರುವ ಗೈಡ್, ಕನ್ನಡದಲ್ಲಿ ವಿವರಣೆ. ಫೋಟೋದಲ್ಲಿ ಆಕಾಶಕ್ಕೆ ಕೈ ಎತ್ತಿದ ಹಾಗೆ ಅರ್ಧ ಮಾತ್ರ ಉಳಿದಿರುವ ಒಂದು ಕೆಂಪು ಗೋಪುರ. ಪಾಳುಬಿದ್ದ ಚರ್ಚೊಂದರ ಸೇಂಟ್ ಆಗಸ್ಟಿನ್ ಗೋಪುರ ಅದು. ಆ ಫೋಟೋ ನೋಡಿಯೇ ಹೆಂಡತಿ ‘ಇದೇ ಮಾಡಿ’ ಅಂದಳು. ತಲೆಗೆ 1,200, ಪೂರ್ತಿ ಮುಂಗಡ, ಯುಪಿಐ ಮಾಡಿದೆ. ರಸೀದಿ ಬರಲಿಲ್ಲ, ಒಂದು ಹೆಬ್ಬೆರಳು ಇಮೋಜಿ ಬಂತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಬೆಳಿಗ್ಗೆ 8ಕ್ಕೆ ಬನ್ನಿ ಅಂದಿದ್ದರು. ಗೈಡ್ ಬಂದದ್ದು 8.50ಕ್ಕೆ. ಎಂಟು ಜನ ಅಂದಿದ್ದರಲ್ಲ, ಎಣಿಸಿದೆ, ನಾವು ಸೇರಿ 31 ಜನ ಇದ್ದೆವು. ಕನ್ನಡ? ‘ಬನ್ನಿ ಬನ್ನಿ’, ‘ಊಟ ಆಯ್ತಾ’ ಅನ್ನುವಷ್ಟು. ಉಳಿದದ್ದೆಲ್ಲ ಹಿಂದಿ, ಸೊಂಟಕ್ಕೆ ಕಟ್ಟಿಕೊಂಡ ಸಣ್ಣ ಸ್ಪೀಕರ್‌ನಲ್ಲಿ. ಹುಡುಗ ಒಳ್ಳೆಯವನೇ, ನಗುನಗುತ್ತಾ ಮಾತಾಡುತ್ತಿದ್ದ, ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಯಾರೋ ಹಿಂದಿನ ದಿನ ಫೋನ್ ಮಾಡಿ ‘ನಾಳೆ ನೀನು ಹೋಗು’ ಅಂದಿರಬೇಕು. ಕತ್ತಿನಲ್ಲಿ ಗುರುತಿನ ಚೀಟಿ ಇರಲಿಲ್ಲ. ಕೇಳಿದರೆ ‘ರೂಮಲ್ಲಿ ಬಿಟ್ಟು ಬಂದೆ ಸರ್’.

ನೂರು ರೂಪಾಯಿ ವಸೂಲಿ ಅಲ್ಲೇ ಶುರು. ‘ಚರ್ಚ್ ಎಂಟ್ರಿ ಪ್ಯಾಕೇಜ್‌ನಲ್ಲಿ ಬರಲ್ಲ.’ ಎಲ್ಲರೂ ಕೊಟ್ಟರು, ನಾನೂ ಕೊಟ್ಟೆ. ಬಾಗಿಲಲ್ಲಿ ನೋಡಿದರೆ ಟಿಕೆಟ್ ಹರಿಯುವವರೂ ಇಲ್ಲ, ಕೇಳುವವರೂ ಇಲ್ಲ, ಜನ ಸುಮ್ಮನೆ ಒಳಗೆ ಹೋಗುತ್ತಿದ್ದಾರೆ! ಇನ್ನೊಂದು ತಮಾಷೆ ಕೇಳಿ. ಚರ್ಚಿನೊಳಗೆ ಭುಜ, ಮಂಡಿ ಮುಚ್ಚಿರಬೇಕು ಅಂತ ಜಾಹೀರಾತಿನಲ್ಲಿ ಎಲ್ಲೂ ಹೇಳಿರಲಿಲ್ಲ. ಚಡ್ಡಿ ಹಾಕಿಕೊಂಡು ಬಂದ ನಾಲ್ಕು ಹುಡುಗರನ್ನು ತಡೆದಾಗ ನಮ್ಮ ಗೈಡ್ ಬ್ಯಾಗಿನಿಂದ ಮಡಚಿಟ್ಟ ಲುಂಗಿಗಳನ್ನು ತೆಗೆದ. ಬಾಡಿಗೆ 50 ರೂಪಾಯಿ. ಹೇಳದೇ ಇದ್ದದ್ದು ಮರೆವಲ್ಲ ಅಂತ ಆಗ ಹೊಳೆಯಿತು.

ಬೆಸಿಲಿಕಾ ಒಳಗೆ ನಾವು ಇದ್ದದ್ದು ಎಷ್ಟು ಹೊತ್ತು ಗೊತ್ತಾ? ಮಗಳ ಫೋನಿನಲ್ಲಿ ಒಳಗೆ ಹೋಗುವ ಮುಂಚಿನ ಫೋಟೋ 9.02ಕ್ಕೆ, ಹೊರಗೆ ಬಂದ ಮೇಲಿನದು 9.13ಕ್ಕೆ. 11 ನಿಮಿಷ! 1594ರಲ್ಲಿ ಶುರು ಮಾಡಿ 1605ರಲ್ಲಿ ಮುಗಿಸಿದ ಕಟ್ಟಡ, ಕಟ್ಟಿದ ವರ್ಷಕ್ಕೆ ಒಂದು ನಿಮಿಷದ ಲೆಕ್ಕ.

ಆ 11 ನಿಮಿಷದಲ್ಲಿ ಅವನು ಹೇಳಿದ್ದು: ಮುಂದಿರುವುದೆಲ್ಲ ಗಟ್ಟಿ ಚಿನ್ನ. ಅಲ್ಲ, ಅದು ಮರದ ಕೆತ್ತನೆ, ಮೇಲೆ ಚಿನ್ನದ ರೇಕು. ಇಲ್ಲಿ ಪೆಟ್ಟಿಗೆಯಲ್ಲಿ ಇಟ್ಟಿರುವ 16ನೇ ಶತಮಾನದ ಪಾದ್ರಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಅವರ ದೇಹವನ್ನು ಪ್ರತಿ ಡಿಸೆಂಬರ್‌ನಲ್ಲಿ ಕೆಳಗಿಳಿಸಿ ತೋರಿಸುತ್ತಾರೆ. ಇದೂ ಅಲ್ಲ. ಪ್ರತಿ ಡಿಸೆಂಬರ್ 3ಕ್ಕೆ ಆಗುವುದು ಹಬ್ಬ, ದೇಹದ ದರ್ಶನ ಹತ್ತು ವರ್ಷಕ್ಕೊಮ್ಮೆ, ಕಳೆದ ಸಲದ್ದು ಮುಗಿದದ್ದು 2025ರ ಜನವರಿ 5ಕ್ಕೆ. ಇದನ್ನು ನಂಬಿಕೊಂಡು ನಮ್ಮ ಗುಂಪಿನ ಒಬ್ಬ ಅಜ್ಜಿ ‘ಹಾಗಾದರೆ ಡಿಸೆಂಬರ್‌ಗೆ ಮತ್ತೆ ಬರೋಣ’ ಅಂತ ಮಗನ ಹತ್ತಿರ ಹೇಳುತ್ತಿದ್ದರು. ಅಷ್ಟರಲ್ಲಿ ಕಾವಲಿನವರು ಬಂದು ಸ್ಪೀಕರ್ ಆಫ್ ಮಾಡಿಸಿದರು. ಪ್ರಾರ್ಥನೆ ಮಾಡುವವರು ಕೂತಿದ್ದಾರೆ, ಇವನು ಸ್ಪೀಕರ್‌ನಲ್ಲಿ ಒದರುತ್ತಿದ್ದಾನೆ. ನಾಚಿಕೆಯಿಂದ ನಾನು ನೆಲ ನೋಡುತ್ತಾ ನಿಂತೆ.

ಹೊರಗೆ ಬಂದ ಮೇಲೆ ಮುಂಭಾಗದ ಕೆಂಪು ಕಲ್ಲು ತೋರಿಸಿ, ಪೋರ್ಚುಗೀಸರು ಬೇಕಂತಲೇ ಹೀಗೆ ಕೆಂಪಾಗಿ ಬಿಟ್ಟರು ಅಂದ. ಇದು ನಮ್ಮ ಕುಮಟೆ, ಹೊನ್ನಾವರ ಕಡೆ ಮನೆಗೆ ಹಾಕುವ ಅದೇ ಚಿರೇಕಲ್ಲು, ಜಂಬಿಟ್ಟಿಗೆ. ಈ ಕಲ್ಲನ್ನು ಮಳೆಗೆ ಹಾಗೇ ಬಿಟ್ಟರೆ ನೀರು ಕುಡಿದು ಸವೆಯುತ್ತದೆ ಅಂತ ಕರಾವಳಿಯ ಯಾವ ಗಾರೆ ಕೆಲಸದವರನ್ನು ಕೇಳಿದರೂ ಹೇಳುತ್ತಾರೆ. ಬೆಸಿಲಿಕಾಕ್ಕೂ ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲ ಬಿಳಿ ಗಾರೆ ಇತ್ತು. ಅದನ್ನು ಕೆರೆದು ತೆಗೆದದ್ದು 1950ರ ದಶಕದಲ್ಲಿ. ಮತ್ತೆ ಗಾರೆ ಹಚ್ಚಬೇಕು ಅನ್ನುವ ಮಾತು ಅಲ್ಲಿ ಈಗಲೂ ನಡೆಯುತ್ತಿದೆ. ಇದಕ್ಕಿಂತ ಒಳ್ಳೆ ಕಥೆ ಗೈಡ್‌ಗೆ ಇನ್ನೇನು ಬೇಕಿತ್ತು ಹೇಳಿ.

ಸೆ ಕ್ಯಾಥೆಡ್ರಲ್‌ನದು ಇನ್ನೂ ಮಜಾ. ಒಂದೇ ಗೋಪುರ ಯಾಕೆ ಅಂತ ಮಗಳು ಕೇಳಿದಳು. ‘ದುಡ್ಡು ಖಾಲಿಯಾಯ್ತು, ಒಂದೇ ಕಟ್ಟಿದರು’ ಅಂದ. ಎರಡೂ ಇದ್ದವು, ಒಂದು 1776ರಲ್ಲಿ ಬಿತ್ತು. ಬರೋಕ್ ಅಂದರೆ ಏನು ಅಂತ ಯಾರೋ ಕೇಳಿದ್ದಕ್ಕೆ ‘ಜಾಸ್ತಿ ಡಿಸೈನ್ ಇರುವುದು’ ಅಂದ. ಪೂರ್ತಿ ತಪ್ಪೇನಲ್ಲ, ಬಿಡಿ. ಆದರೆ ಆ ಪದ ಪೋರ್ಚುಗೀಸ್ ಭಾಷೆಯ ‘ಬಾರೊಕೊ’ದಿಂದ ಬಂತು, ಸೊಟ್ಟ ಆಕಾರದ ಮುತ್ತನ್ನು ಹಾಗೆ ಕರೆಯುತ್ತಿದ್ದರು ಅಂತಲೇ ಹೆಚ್ಚಿನವರು ಹೇಳುವುದು. ಪೋರ್ಚುಗೀಸರು ಕಟ್ಟಿದ ಊರಿನಲ್ಲಿ ನಿಂತು ಅದನ್ನು ಹೇಳಬಹುದಿತ್ತು ಅಲ್ವಾ?

ಅಲ್ಲಿಂದ ಸೇಂಟ್ ಆಗಸ್ಟಿನ್ ಗೋಪುರಕ್ಕೆ ಅಂದುಕೊಂಡರೆ, ‘ಇವತ್ತು ಬಂದ್ ಇದೆ’ ಅಂದ. ಹೋದದ್ದು ಗೋಡಂಬಿ ಅಂಗಡಿಗೆ. 10.40ರಿಂದ 11.25. ಬೆಸಿಲಿಕಾಕ್ಕೆ ಕೊಟ್ಟದ್ದರ ನಾಲ್ಕು ಪಟ್ಟು ಹೊತ್ತು! ಅಪ್ಪನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು, ಕೈಗೆ ಸ್ಯಾಂಪಲ್ ಗೋಡಂಬಿ ಕೊಟ್ಟರು. ಮೆಣಸಿನದು, ಬೆಳ್ಳುಳ್ಳಿಯದು, ಚಾಕೊಲೇಟಿನದು. ‘ಗೋವಾ ಸ್ಪೆಷಲ್’ ಅಂತ ಕೊಟ್ಟ ಪ್ಯಾಕೆಟ್ ತಿರುಗಿಸಿ ನೋಡಿದರೆ ಹಿಂದೆ ಸಣ್ಣಕ್ಷರದಲ್ಲಿ ಮಂಗಳೂರಿನ ವಿಳಾಸ. ನಗು ಬಂತು. ಹೆಂಡತಿ ಆದರೂ ಅರ್ಧ ಕೇಜಿ ತಗೊಂಡಳು, ಅದು ಬೇರೆ ವಿಷಯ. ಗೈಡ್ ಕೌಂಟರ್ ಪಕ್ಕ ನಿಂತು ಯಾರು ಎಷ್ಟು ಬಿಲ್ ಮಾಡಿದರು ಅಂತ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಮರೆಯಲ್ಲೂ ಅಲ್ಲ, ಎಲ್ಲರ ಎದುರಿಗೇ.

ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು. ಸೇಂಟ್ ಕಜೆಟನ್ ಚರ್ಚನ್ನು ರಸ್ತೆಯಿಂದಲೇ ಕೈ ತೋರಿಸಿದ. ಅಪ್ಪ ಅಲ್ಲಿವರೆಗೆ ಒಂದು ಮಾತೂ ಆಡಿರಲಿಲ್ಲ. ಆಗ ಮುಂದೆ ಹೋಗಿ ಕೇಳಿದರು, ‘ಅಲ್ಲೋ ತಮ್ಮಾ, ನಮ್ಮ ಬಿಜಾಪುರದ ಬಾದಶಾಹಂದು ಬಾಗಲಾ ಎಲ್ಲೈತಿ?’ ಅವನಿಗೆ ಅರ್ಥವಾಗಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ. ‘ಅಲ್ಲಿ ಏನೂ ಇಲ್ಲ ಅಂಕಲ್, ಬರೀ ಕಲ್ಲು’ ಅಂದು ವಾಚ್ ನೋಡಿಕೊಂಡ. ನಾವು ನಿಂತ ಜಾಗದಿಂದ ಅದು ನಾಲ್ಕು ಹೆಜ್ಜೆ, ಸೇಂಟ್ ಕಜೆಟನ್ ಪಕ್ಕದಲ್ಲೇ. ನನಗೆ ಆಮೇಲೆ ಗೊತ್ತಾಯಿತು. ಗುಂಪು ಆಗಲೇ ಚದುರುತ್ತಿತ್ತು, ಟಿಪ್ಸ್ ಕೇಳುವುದು ಶುರುವಾಗಿತ್ತು. ಅಪ್ಪ ‘ಇರ್ಲಿ ಬಿಡೋ’ ಅಂದರು. ಅವರು ಹಾಗೆ ಅಂದಾಗ ಯಾವುದೂ ‘ಇರಲಿ’ ಆಗಿರುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮಾರನೇ ದಿನ ಹೆಂಡತಿ, ಮಗಳು ಬೀಚಿಗೆ ಹೋದರು. ನಾನು, ಅಪ್ಪ ಪಣಜಿಯಿಂದ ಕದಂಬ ಬಸ್ ಹತ್ತಿದೆವು. ಹಳೇ ಗೋವಾ ಸುಮಾರು 10 ಕಿಲೋಮೀಟರ್ ಅಷ್ಟೇ. (ಗೋವಾ ಸರ್ಕಾರಿ ಬಸ್ಸಿಗೆ ಕದಂಬ ಅಂತ ಹೆಸರಿರುವುದು ಅಪ್ಪನಿಗೆ ಬಹಳ ಹಿಡಿಸಿತು, ಟಿಕೆಟ್ ಮಡಚಿ ಜೇಬಿನಲ್ಲಿಟ್ಟುಕೊಂಡರು.)

ಮೊದಲು ಬಾಗಿಲಿಗೇ ಹೋದೆವು. ಕೆಲವು ಮೆಟ್ಟಿಲು, ಎರಡು ಕಪ್ಪು ಕಲ್ಲಿನ ಕಂಬ, ಮೇಲೊಂದು ತೊಲೆ, ಅಕ್ಕಪಕ್ಕ ಮುರಿದ ಜಾಲಂದ್ರದ ತುಂಡುಗಳು. ದಾಟಿದರೆ ಆಚೆ ಅರಮನೆ ಇಲ್ಲ, ಹುಲ್ಲು, ಗಿಡ. ಪೋರ್ಚುಗೀಸ್ ವೈಸರಾಯ್‌ಗಳು ಮೊದಲು ಅದೇ ಅರಮನೆಯಲ್ಲಿದ್ದರು, ಆಮೇಲೆ ಕೆಡವಿಬಿಟ್ಟರು. ಅಪ್ಪ ಕಂಬದ ಮೇಲೆ ಕೈಯಿಟ್ಟು, ಉಗುರಿನಿಂದ ಕೆತ್ತನೆಯ ಅಂಚು ಸವರಿ, ‘ನಮ್ಮೂರ ಕಲ್ಲಿನಂಗ ಐತಿ’ ಅಂದರು. ಗೋಳಗುಮ್ಮಟದ ಕಲ್ಲೂ ಇದೇ ಕಪ್ಪು ಜಾತಿಯದು. ಆಮೇಲೆ ಸೇಂಟ್ ಕಜೆಟನ್ ಒಳಗೆ ಹೋದೆವು. ರೋಮ್‌ನ ಸೇಂಟ್ ಪೀಟರ್ಸ್ ನೋಡಿಕೊಂಡು ಇಟಲಿಯ ಪಾದ್ರಿಗಳು ಕಟ್ಟಿಸಿದ್ದು, 17ನೇ ಶತಮಾನದ ನಡುವಿನದು, ಅಂದರೆ ಹೆಚ್ಚೂಕಡಿಮೆ ಗೋಳಗುಮ್ಮಟದ ಕಾಲದ್ದೇ. ಗುಮ್ಮಟದ ಕೆಳಗೆ ನಿಂತು ಅಪ್ಪ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದರು. ಪಿಸುಗುಟ್ಟುವ ಗ್ಯಾಲರಿ ಇಲ್ಲಿರುವುದಿಲ್ಲ ಅಪ್ಪಾ, ಅಂದೆ. ‘ಗೊತ್ತೈತಿ, ಸುಮ್ನ ನೋಡಿದೆ.’

ಬೆಸಿಲಿಕಾದಲ್ಲಿ ಈ ಸಲ ಮುಕ್ಕಾಲು ಗಂಟೆ ಕೂತೆವು. ಹೆಣೆದ ಜಡೆಯ ಹಾಗೆ ತಿರುಚಿದ ಕಂಬಗಳ ನಡುವೆ ಜೆಸ್ಯೂಟ್ ಪಾದ್ರಿಗಳ ಸಂಘ ಕಟ್ಟಿದ ಸೇಂಟ್ ಇಗ್ನೇಷಿಯಸ್ ಲೊಯೋಲಾ ಅವರ ದೊಡ್ಡ ಮೂರ್ತಿ, ಮುಖ ಮೇಲೆತ್ತಿ ಕಿರಣ ಚೆಲ್ಲುವ ಸೂರ್ಯನನ್ನು ನೋಡುತ್ತಿದ್ದಾರೆ. ಆ ಸೂರ್ಯನೊಳಗೆ ಯೇಸುವಿನ ಹೆಸರಿನ ಅಕ್ಷರಗಳು. ಕಾಲ ಬುಡದಲ್ಲಿ ಪುಟ್ಟ ಬಾಲಯೇಸು. ಚರ್ಚಿನ ಹೆಸರಿಗೆ (ಬೋಮ್ ಜೀಸಸ್ ಅಂದರೆ ಒಳ್ಳೆಯ ಯೇಸು) ಕಾರಣವಾದ ಆ ಮಗುವನ್ನು ಹಿಂದಿನ ದಿನ ನಾನು ನೋಡಿಯೇ ಇರಲಿಲ್ಲ. ಬಲಗಡೆ ಝೇವಿಯರ್ ಅವರ ಬೆಳ್ಳಿ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ. ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯ ದೊರೆ ಮೂರನೇ ಕೊಸಿಮೊ ಕಳಿಸಿದ್ದು, ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾದದ್ದು 1698ರಲ್ಲಿ.

ಸೇಂಟ್ ಆಗಸ್ಟಿನ್? ಗೇಟು ತೆರೆದಿತ್ತು. ಅಲ್ಲಿದ್ದ ಮಾಲಿಯನ್ನು ಕೇಳಿದೆ, ನಿನ್ನೆ ಬಂದ್ ಇತ್ತಾ ಅಂತ. ಇರಲಿಲ್ಲವಂತೆ. ಬೆಸಿಲಿಕಾದಿಂದ ಸ್ವಲ್ಪ ಏರು ಹತ್ತಬೇಕು, ಅಷ್ಟೇ, ಮತ್ತು ಅಲ್ಲಿ ಗೋಡಂಬಿ ಅಂಗಡಿ ಇಲ್ಲ. 46 ಮೀಟರ್ ಎತ್ತರದ ಗೋಪುರ. 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ಅದರ ಗಂಟೆ ಈಗ ಪಣಜಿಯ ದೊಡ್ಡ ಚರ್ಚಿನಲ್ಲಿದೆ. 1624ರಲ್ಲಿ ಪರ್ಷಿಯಾದಲ್ಲಿ ಕೊಲ್ಲಿಸಿದ ಜಾರ್ಜಿಯಾ ದೇಶದ ರಾಣಿ ಕೆಟೆವಾನ್‌ಳ ಮೂಳೆ ಸಿಕ್ಕಿದ್ದು ಈ ಅವಶೇಷಗಳಲ್ಲೇ. ನಮ್ಮ ಸರ್ಕಾರ ಅದನ್ನು 2021ರಲ್ಲಿ ಜಾರ್ಜಿಯಾಕ್ಕೆ ಒಪ್ಪಿಸಿತು.

ಹೋಗುವವರಿಗೆ ಹೇಳುವುದಿಷ್ಟು. ದುಡ್ಡು ಕಳಿಸುವ ಮುಂಚೆ ಗೈಡ್ ಯಾರು, ಅವರ ಗುರುತಿನ ಚೀಟಿಯ ಫೋಟೋ ಕಳಿಸುತ್ತೀರಾ ಅಂತ ಕೇಳಿ. ಯಾವ ಯಾವ ಕಟ್ಟಡದ ಒಳಗೆ ಹೋಗುತ್ತೀರಿ, ಶಾಪಿಂಗ್‌ಗೆ ನಿಲ್ಲಿಸುತ್ತೀರಾ ಅನ್ನುವುದನ್ನು ಬರಹದಲ್ಲೇ ತರಿಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಪೂರ್ತಿ ಮುಂಗಡ ಬೇಡವೇ ಬೇಡ. ಕನ್ನಡ ಬರುತ್ತದೆ ಅಂದರೆ ಫೋನ್ ಮಾಡಿ ಎರಡು ನಿಮಿಷ ಮಾತಾಡಿಸಿ ನೋಡಿ. ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ, ಆಗ ಬೇಡ. ಶುಕ್ರವಾರ ಅಲ್ಲಿನ ಪುರಾತತ್ವ ಮ್ಯೂಸಿಯಂ ರಜೆ. ನಮ್ಮ ವಾಕ್ ಶುಕ್ರವಾರವೇ ಇತ್ತು, ‘ಮ್ಯೂಸಿಯಂ ಸೇರಿ’ ಅಂತ ಜಾಹೀರಾತಿನಲ್ಲಿ ಹಾಕಿದ್ದರು!

ಎಲ್ಲ ಗೈಡ್‌ಗಳೂ ಹೀಗೆ ಅಂತಲ್ಲ. ಬೆಸಿಲಿಕಾದಲ್ಲಿ ಕೂತಿದ್ದಾಗ ಪಕ್ಕದಲ್ಲಿ ಒಬ್ಬ ಹಿರಿಯರು ಇಬ್ಬರು ವಿದೇಶಿಯರಿಗೆ ಮೆಲ್ಲಗೆ ವಿವರಿಸುತ್ತಿದ್ದರು, ಕತ್ತಿನಲ್ಲಿ ಚೀಟಿ ಇತ್ತು. ನಾನು ಕದ್ದು ಕೇಳಿಸಿಕೊಂಡೆ. ಬಾಲಯೇಸುವನ್ನು ಕಂಡದ್ದೂ ಅವರು ಬೆರಳು ತೋರಿಸಿದ್ದರಿಂದಲೇ.

ದುಡ್ಡು ವಾಪಸ್ ಕೇಳಿ ಮೆಸೇಜ್ ಮಾಡಿದ್ದಕ್ಕೆ ‘ನಮ್ಮ ಗೈಡ್‌ಗೆ ಹುಷಾರಿರಲಿಲ್ಲ ಸರ್, ಮುಂದಿನ ಸಲ ಬಂದಾಗ ಡಿಸ್ಕೌಂಟ್ ಕೊಡ್ತೀವಿ’ ಅಂತ ಬಂತು. ಮುಂದಿನ ಸಲವಂತೆ. ಎಂಟ್ರಿ ಫೀ ನಾನೂರು ಯಾರಿಗೆ ಹೋಯಿತು ಅಂತ ಕೇಳಿದೆ. ಎರಡು ನೀಲಿ ಟಿಕ್ ಬಿದ್ದು ಇವತ್ತಿಗೆ 19 ದಿನ.