ಅರ್ಕಾ ಅನೂಪ್ ಹುರುಳಿಕಾಯಿ ಬೀಜ: ತುಕ್ಕು ರೋಗಕ್ಕೆ ಜಗ್ಗಲಿಲ್ಲ

ಪಾಂಡವಪುರದ ಹತ್ತಿರ ನಮ್ಮ ಹೊಲ. ಇಬ್ಬನಿ ಬೀಳೋಕೆ ಶುರುವಾದರೆ ಹುರುಳಿಕಾಯಿಗೆ ತುಕ್ಕು ರೋಗ ಗ್ಯಾರಂಟಿ. ಎಲೆ ಮಗುಚಿ ಒರೆಸಿದರೆ ಬೆರಳಿಗೆ ಇಟ್ಟಿಗೆ ಪುಡಿಯಂತೆ ಅಂಟುತ್ತದೆ, ಅದೇ ಶಿಲೀಂಧ್ರದ ಬೀಜಕ. ಈ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನೂಪ್ ಹಾಕಿದೆ. ಅರ್ಕಾ ಬೋಲ್ಡ್, ಅರ್ಕಾ ಕೋಮಲ್ ಎರಡನ್ನೂ ಕೂಡಿಸಿ, ಆರಿಸಿ ತೆಗೆದ ತಳಿ. ತುಕ್ಕು ತಡೆಯುವ ಗುಣ ಬೋಲ್ಡ್ ಕಡೆಯದು. ಬ್ಯಾಕ್ಟೀರಿಯಾದ ಅಂಗಮಾರಿಯನ್ನೂ ತಡೆಯುತ್ತದೆ. ಪಕ್ಕದ ಸಾಲಲ್ಲಿ ಹಳೇ ಬೀಜದ ಗಿಡ ಎಲೆ ಉದುರಿಸಿದರೂ ಇದು ಹಸಿರಾಗೇ ನಿಂತಿತು. ಔಷಧಿ ಖರ್ಚು ಉಳಿಯಿತು. ಹುಳಕ್ಕೆ ಮಾತ್ರ ಕಣ್ಣಿಟ್ಟಿರಬೇಕು, ಅದು ಬೇರೆ ಕಥೆ. ಹೈಬ್ರಿಡ್ ಅಲ್ಲ, ಬೀಜ ಎತ್ತಿಡಬಹುದು. ಅಂಗಡಿಯವನೊಬ್ಬ ಸುಮ್ನೆ ‘ಅದೇ ಇದು’ ಅಂತ ಬೇರೆ ಪೊಟ್ಟಣ ಕೊಡೋಕೆ ನೋಡಿದ. ಚೀಟಿ ಓದಿ ತಗೊಳ್ಳಿ.