ನಂಬರ್ ನೋಡ್ತೀಯ, ತಾರೀಖು ನೋಡಲ್ಲ: ಗೇಮ್ ಆರಿಸೋಕೆ ನಾವು ನಡೆದು ನೋಡಿದ ಮೂರು ದಾರಿ

ಕುವೆಂಪುನಗರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಅದರಲ್ಲಿ ನಾನೂ ನನ್ನ ತಮ್ಮನೂ ಒಂಬತ್ತು ಗೇಮ್‌ಗಳ ಲೆಕ್ಕ ಬರೆದಿದ್ದೇವೆ. ಗೇಮ್ ಬಿಡುಗಡೆಯಾದಾಗ ವಿಮರ್ಶಕರಿಂದ ಬಂದ ಅಂಕ, ನಾವು ಕೊಂಡ ದಿನ ಜನ ಹೇಳುತ್ತಿದ್ದದ್ದು, ಹತ್ತು ಗಂಟೆ ಆಡಿದ ಮೇಲೆ ನಮಗೆ ಅನಿಸಿದ್ದು, ವರ್ಷ ಕಳೆದ ಮೇಲೆ ಅನಿಸಿದ್ದು. ಒಟ್ಟು ನಾಲ್ಕು ಕಾಲಂ.

ಇದು ಶುರುವಾದದ್ದು ಒಂದು ಬೇಜಾರಿನಿಂದ. 90ರ ಮೇಲೆ ಅಂಕ ಇದ್ದ ಒಂದು ಗೇಮನ್ನು ಬೋನಸ್ ದುಡ್ಡಲ್ಲಿ ತಗೊಂಡಿದ್ದೆ. ಹೆಸರು ಬೇಡ. ನಮ್ಮ ಕಂಪ್ಯೂಟರ್‌ನಲ್ಲಿ ಅರ್ಧ ಗಂಟೆಗೊಮ್ಮೆ ನಿಂತುಹೋಗುತ್ತಿತ್ತು. ಶನಿವಾರ ಮಂಡ್ಯದಿಂದ ಬಂದ ತಮ್ಮ ಸ್ವಲ್ಪ ಹೊತ್ತು ಹುಡುಕಿ ಹೇಳಿದ: "ಅಕ್ಕ, ಈ ಅಂಕ ಟಿವಿಗೆ ಹಾಕಿ ಆಡೋ ಕನ್ಸೋಲ್ ಗೇಮ್‌ದು ಕಣೆ. ಪಿಸಿಗೆ ಬಂದಿದ್ದು ಎರಡು ವರ್ಷ ಆದ್ಮೇಲೆ. ನೀನು ನಂಬರ್ ನೋಡ್ತೀಯ, ತಾರೀಖು ನೋಡಲ್ಲ." ಅವತ್ತೇ ನೋಟ್‌ಬುಕ್ ತಂದೆವು. ಒಂದೊಂದು ಗೇಮನ್ನು ಒಂದೊಂದು ದಾರಿಯಲ್ಲಿ ಆರಿಸಿ ನೋಡೋಣ ಅಂತ ತೀರ್ಮಾನ ಆಯಿತು.

ಮೊದಲ ದಾರಿ ವಿಮರ್ಶಕರ ಅಂಕ. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ಹಲವು ಪತ್ರಿಕೆ, ತಾಣಗಳ ವಿಮರ್ಶೆ ಸೇರಿಸಿ 100ಕ್ಕೆ ಒಂದು ಅಂಕ ಕೊಡುತ್ತದೆ. ಎಲ್ಲ ಪತ್ರಿಕೆಗೂ ಒಂದೇ ತೂಕ ಇಲ್ಲ. ಯಾರಿಗೆ ಎಷ್ಟು ತೂಕ ಅಂತ ಅವರು ಬಿಟ್ಟುಕೊಡುವುದಿಲ್ಲ. ಒಂದು ಪತ್ರಿಕೆ ಮೊದಲು ಕೊಟ್ಟ ಅಂಕವೇ ಲೆಕ್ಕಕ್ಕೆ. ಆಮೇಲೆ ಅವರು ಮತ್ತೆ ಆಡಿ ಮನಸ್ಸು ಬದಲಿಸಿದರೂ ಹಳೆಯದೇ ಉಳಿಯುತ್ತದೆ. ಹಾಗಾಗಿ ಆ ಅಂಕ ಬಿಡುಗಡೆಯ ವಾರ ತೆಗೆದ ಫೋಟೋ ಇದ್ದ ಹಾಗೆ. ಮಗು ಬೆಳೆದರೂ ಫೋಟೋ ಬೆಳೆಯಲ್ಲ ಅಲ್ವಾ?

ಗ್ರಹದಿಂದ ಗ್ರಹಕ್ಕೆ ಹಾರುತ್ತಾ ಆಡುವ ನೋ ಮ್ಯಾನ್ಸ್ ಸ್ಕೈ ಗೇಮ್ ನೋಡಿ. 2016ರ ಆಗಸ್ಟ್‌ನಲ್ಲಿ ಬಂತು. ಜನ ಕಾದಿದ್ದ ಎಷ್ಟೋ ಸಂಗತಿ ಅದರಲ್ಲಿ ಇರಲಿಲ್ಲ. ಪ್ಲೇಸ್ಟೇಷನ್ 4 ಕನ್ಸೋಲ್‌ನ ಅಂಕ 71ಕ್ಕೆ ನಿಂತಿತು. ಆದರೆ ಅದನ್ನು ಮಾಡಿದ ಹಲೋ ಗೇಮ್ಸ್‌ನವರು ಕೈಬಿಡಲಿಲ್ಲ. ಅದೇ ನವೆಂಬರ್‌ನಲ್ಲಿ ಗ್ರಹದ ಮೇಲೆ ನಮ್ಮದೇ ನೆಲೆ ಕಟ್ಟುವ ಸೌಲಭ್ಯ ಬಂತು. 2018ರ ಜುಲೈನಲ್ಲಿ ನಾಲ್ಕು ಜನ ಸೇರಿ ಆಡುವಂತಾಯಿತು. 2019ರಲ್ಲಿ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವಿಆರ್ ಬಂತು. ಎಲ್ಲವೂ ಪುಕ್ಕಟೆ. ನಾವು ಆಡಿದ್ದು 2023ರ ದಸರಾ ರಜೆಯಲ್ಲಿ. ಒಂದು ಹಸಿರು ಗ್ರಹದ ಕೆರೆ ದಡದಲ್ಲಿ ಇಬ್ಬರೂ ಸೇರಿ ಮನೆ ಕಟ್ಟಿದೆವು. ನಮ್ಮ ಮಟ್ಟಿಗೆ ಅದು 71ರ ಗೇಮ್ ಆಗಿರಲೇ ಇಲ್ಲ.

ಇನ್ನೊಂದು ತೊಂದರೆ, ವಿಮರ್ಶಕರ ಕೈಗೆ ಸಿಗುವ ಗೇಮೂ ನಮಗೆ ಸಿಗುವ ಗೇಮೂ ಒಂದೇ ಆಗಿರಬೇಕು ಅಂತಿಲ್ಲ. 2020ರ ಡಿಸೆಂಬರ್ 10ಕ್ಕೆ ಬಂದ 'ಸೈಬರ್‌ಪಂಕ್ 2077' ಗೇಮನ್ನೇ ನೋಡಿ, ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ಪಿಸಿ ಅಂಕ 86. ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡುತ್ತಿತ್ತು ಅಂದರೆ, ವಾರ ಕಳೆಯುವಷ್ಟರಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ತೆಗೆಯಿತು. ಮತ್ತೆ ಇಟ್ಟಿದ್ದು 2021ರ ಜೂನ್‌ನಲ್ಲಿ.

ಆದರೂ ವಿಮರ್ಶಕರನ್ನು ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ಅವರ ಬರಹ ಓದಬೇಕು. ಕಥೆ ಹೇಗೆ ಸಾಗುತ್ತದೆ, ಎಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿ ಸುಸ್ತಾಗುತ್ತದೆ ಅನ್ನುವುದನ್ನು ಒಳ್ಳೆಯ ವಿಮರ್ಶಕರಷ್ಟು ಚೆನ್ನಾಗಿ ಬೇರೆ ಯಾರೂ ಹೇಳುವುದಿಲ್ಲ. ನನ್ನ ತಕರಾರು ನಂಬರಿನ ಮೇಲೆ ಮಾತ್ರ. ಆ ನಂಬರಿನಿಂದ ಕೆಲಸ ಮಾಡಿದವರ ಹೊಟ್ಟೆಗೂ ಪೆಟ್ಟು ಬಿದ್ದಿದೆ. 2010ರ ಫಾಲ್‌ಔಟ್: ನ್ಯೂ ವೇಗಾಸ್ ಮಾಡಿದ ಅಬ್ಸಿಡಿಯನ್‌ನವರಿಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದ ಇತ್ತು. ಬಂದದ್ದು 84. ಇದನ್ನು ಅಲ್ಲಿಯ ಕ್ರಿಸ್ ಅವೆಲ್ಲೋನ್ 2012ರಲ್ಲಿ ಹೇಳಿಕೊಂಡರು. ಇವತ್ತಿಗೂ ಜನ ಆ ಗೇಮನ್ನು ಎಷ್ಟು ಪ್ರೀತಿಯಿಂದ ಆಡುತ್ತಾರೆ! ಆ ಒಂದು ಅಂಕದ ವಿಷಯ ಓದಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಎರಡನೇ ದಾರಿ, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಟಗಾರರೇ ಬರೆಯುವ ಅಭಿಪ್ರಾಯ. 2013ರಲ್ಲಿ ಶುರುವಾಯಿತು. ಇಲ್ಲಿ ಅಂಕ ಇಲ್ಲ, ಹೆಬ್ಬೆರಳು ಮೇಲೆ ಅಥವಾ ಕೆಳಗೆ, ಅಷ್ಟೇ. ಬರೆದವರು ಎಷ್ಟು ಗಂಟೆ ಆಡಿ ಬರೆದರು ಅನ್ನುವುದೂ ಪಕ್ಕದಲ್ಲೇ ಇರುತ್ತದೆ. ನನಗೆ ತುಂಬಾ ಇಷ್ಟವಾದದ್ದು 2016ರಲ್ಲಿ ಬಂದ ಬದಲಾವಣೆ: ಒಟ್ಟು ಅಭಿಪ್ರಾಯ ಬೇರೆ, ಕಳೆದ 30 ದಿನದ್ದು ಬೇರೆ. ತಮ್ಮ ಹೇಳಿದ ತಾರೀಖು ಇಲ್ಲಿ ಕಣ್ಣಿಗೇ ಕಾಣುತ್ತದೆ. ನೋ ಮ್ಯಾನ್ಸ್ ಸ್ಕೈನ ಒಟ್ಟು ಲೆಕ್ಕ 'ವೆರಿ ಪಾಸಿಟಿವ್' (ತುಂಬಾ ಜನಕ್ಕೆ ಇಷ್ಟ) ಅನ್ನುವ ಮಟ್ಟ ಮುಟ್ಟಿದ್ದು 2024ರ ನವೆಂಬರ್‌ನಲ್ಲಿ, ಅಂದರೆ ಎಂಟು ವರ್ಷ ಆದ ಮೇಲೆ. ಮೊದಲ ವಾರಗಳ ಸಿಟ್ಟು ಅಷ್ಟು ಭಾರವಾಗಿ ಕೂತಿತ್ತು. 30 ದಿನದ ಲೆಕ್ಕಕ್ಕೆ ಆ ಭಾರ ಇಲ್ಲ.

ಇದರಲ್ಲೂ ಎಡವುವ ಜಾಗ ಇದೆ. 2024ರ ಮೇ ತಿಂಗಳಲ್ಲಿ, 'ಹೆಲ್‌ಡೈವರ್ಸ್ 2' ಗೇಮನ್ನು ಪಿಸಿಯಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಅಂತ ಸೋನಿ ಹೇಳಿತು. ಕೆಲವೇ ದಿನದಲ್ಲಿ ಲಕ್ಷಕ್ಕೂ ಜಾಸ್ತಿ ಹೆಬ್ಬೆರಳು ಕೆಳಗಾದವು. ಸೋನಿ ಹಿಂದೆ ಸರಿಯಿತು. ಎಷ್ಟೋ ಜನ ತಮ್ಮ ಅಭಿಪ್ರಾಯ ಮತ್ತೆ ತಿದ್ದಿದರು. ಆಟಗಾರರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ವಾರ ಬರೀ ಹೆಬ್ಬೆರಳಿನ ಲೆಕ್ಕ ನೋಡಿದವರಿಗೆ ಗೇಮೇ ಕೆಟ್ಟುಹೋಗಿದೆ ಅನಿಸಿರುತ್ತದೆ. ಅದಕ್ಕೇ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೇವೆ: ಇಪ್ಪತ್ತು ಗಂಟೆಗಿಂತ ಜಾಸ್ತಿ ಆಡಿದವರು, ಈ ತಿಂಗಳು ಬರೆದದ್ದು, ಐದು ಒಳ್ಳೆಯದು, ಐದು ಕೆಟ್ಟದ್ದು. ಹತ್ತು ನಿಮಿಷದ ಕೆಲಸ. ಹೀಗೆ ಆರಿಸಿದ ನಾಲ್ಕು ಗೇಮ್‌ಗಳಲ್ಲಿ ಮೂರನ್ನು ಈಗಲೂ ಆಡುತ್ತಿದ್ದೇವೆ.

ಮೂರನೇ ದಾರಿ ನಾವೇ ಆಡಿ ನೋಡುವುದು. ಕೊಂಡು 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ನಮ್ಮ ಕಂಪ್ಯೂಟರ್‌ನಲ್ಲಿ ಓಡುತ್ತದೋ ಇಲ್ಲವೋ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅಪ್‌ಡೇಟ್ ಬಂದರೆ ಗೇಮ್ ಎಲ್ಲರಿಗೂ ಚೆನ್ನಾಗಾಗುತ್ತದೆ ಅಂತ ಅಂದುಕೊಂಡಿದ್ದೆ, ಹಾಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಎಲ್ಲರೂ ಸೈಬರ್‌ಪಂಕ್ ಹೊಗಳಿದರು. ಅದರ ಜೊತೆಗೇ ಕಂಪ್ಯೂಟರ್‌ಗೆ ಇರಬೇಕಾದ ಕನಿಷ್ಠ ಬೇಡಿಕೆಯೂ ಏರಿತು: ವೇಗದ ಡಿಸ್ಕ್ ಎಸ್‌ಎಸ್‌ಡಿ ಬೇಕು, ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1060 6 ಜಿಬಿ ಬೇಕು. ನಮ್ಮದು ಜಿಟಿಎಕ್ಸ್ 1650, ನಂಬರ್ ದೊಡ್ಡದಾದರೂ ಶಕ್ತಿ ಅದಕ್ಕಿಂತ ಕಡಿಮೆ. ಹೊಗಳಿಕೆ ಪೂರ್ತಿ ನಿಜ, ನಮ್ಮ ಮನೆಗೆ ಮಾತ್ರ ಅನ್ವಯಿಸಲ್ಲ.

ಆದರೆ ಎರಡು ಗಂಟೆಯಲ್ಲಿ ಗೇಮಿನ ಆಳ ಗೊತ್ತಾಗಲ್ಲ. ಬೇಸಾಯದ ಗೇಮ್ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಎರಡು ಗಂಟೆಗೆ ಸುಮಾರು ಎಂಟು ದಿನ. ಒಂದು ಋತುವಿಗೇ 28 ದಿನ. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿ 2016ರ ಫೆಬ್ರವರಿಯಲ್ಲಿ ಬಿಟ್ಟ ಗೇಮ್ ಇದು. ಮೊದಲ ಎರಡು ಗಂಟೆಯಲ್ಲಿ ನಾನು ಕಲ್ಲು ಒಡೆದೆ, ಕಳೆ ಕಿತ್ತೆ, ಆಕಳಿಸಿದೆ. ತಮ್ಮ ವಾಪಸ್ ಕೊಡಲು ಬಿಡಲಿಲ್ಲ. ಸದ್ಯ, ಬಿಡದೆ ಇದ್ದದ್ದೇ ಒಳ್ಳೆಯದಾಯಿತು.

ಆಮೇಲೆ ಅಮ್ಮ ನೋಡೋಕೆ ಕೂತರು. ಅಮ್ಮ ಮದ್ದೂರಿನ ಕಡೆಯವರು, ವಿಶ್ವೇಶ್ವರಯ್ಯ ನಾಲೆಯ ಗದ್ದೆ ನೋಡಿ ಬೆಳೆದವರು. 2019ರ ನವೆಂಬರ್‌ನ 1.4 ಅಪ್‌ಡೇಟ್‌ನಲ್ಲಿ ಈ ಗೇಮಿಗೆ ಭತ್ತ ಬಂದಿದೆ. ನೀರಿನ ಪಕ್ಕ ನಾಟಿ ಮಾಡಿದರೆ ದಿನಾ ನೀರು ಹಾಕಬೇಕಾಗಿಲ್ಲ. "ನಾಲೆ ಪಕ್ಕದ ಗದ್ದೆ ಅಂದ್ರೆ ಹಂಗೇ ಕಣೆ" ಅಂದರು. ಬೀಟ್‌ರೂಟ್ ಗಿರಣಿಗೆ ಹಾಕಿ ಸಕ್ಕರೆ ತೆಗೆದದ್ದು ನೋಡಿ ಮಾತ್ರ "ಕಬ್ಬೆಲ್ಲಿ?" ಅಂತ ಕೇಳಿದರು. ಈಗ ಸಂಜೆ ಕಾಫಿ ಆದ ಮೇಲೆ ಯಾವ ಬೆಳೆ ಹಾಕಬೇಕು ಅಂತ ಹೇಳುವವರು ಅವರೇ. 2016ರ ವಿಮರ್ಶಕರು 89 ಕೊಟ್ಟಾಗ ಈ ಭತ್ತ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಬಂದ 1.6 ಕೂಡ ಆ ಅಂಕದಲ್ಲಿ ಇಲ್ಲ.

ಯಾವ ದಾರಿ ಅಂತ ಕೇಳಿದರೆ, ಬಿಡುಗಡೆಯಾಗಿ ವರ್ಷ ದಾಟಿದ ಗೇಮಿಗೆ ನಾನು 30 ದಿನದ ಅಭಿಪ್ರಾಯವನ್ನೇ ನಂಬುತ್ತೇನೆ. ಕಂಪ್ಯೂಟರ್ ಹಳೆಯದಾದರೆ ಅದರ ಜೊತೆಗೆ ಎರಡು ಗಂಟೆಯ ಪರೀಕ್ಷೆ. ಹೊಚ್ಚ ಹೊಸ ಗೇಮಾದರೆ ವಿಮರ್ಶೆಯ ಬರಹ ಓದಿ ಸುಮ್ನೆ ಕಾಯುತ್ತೇನೆ. ತಮ್ಮನಿಗೆ ಕಾಯುವ ತಾಳ್ಮೆ ಇಲ್ಲ, ಅವನು ಈಗಲೂ ಮೂರನೆಯದೇ ಸರಿ ಅನ್ನುತ್ತಾನೆ.

ನೋಟ್‌ಬುಕ್‌ನಲ್ಲಿ ಹತ್ತನೇ ಸಾಲು ಖಾಲಿ ಇದೆ. ಈ ಶನಿವಾರದ ರೈಲಿಗೆ ಅವನು ಬರುತ್ತಾನೆ. ಗೇಮ್ ಡೌನ್‌ಲೋಡ್ ಆಗಿದೆ, ಇನ್ನೂ ತೆರೆದಿಲ್ಲ.