ಹಾಸನದ ಸಂಧಿವಾತ ಚಿಕಿತ್ಸಾಲಯ: ಬಿಡಿಸಿ ಹೇಳುವ ವೈದ್ಯೆ

ಲೂಪಸ್ (ರೋಗನಿರೋಧಕ ವ್ಯವಸ್ಥೆಯು ಸ್ವಂತ ದೇಹದ ಮೇಲೆಯೇ ದಾಳಿ ಮಾಡುವ ಕಾಯಿಲೆ) ಇರುವ ಅಮ್ಮನನ್ನು ಎರಡು ವರ್ಷಗಳಿಂದ ಸಕಲೇಶಪುರದಿಂದ ಇಲ್ಲಿಗೆ ಕರೆತರುತ್ತಿದ್ದೇನೆ. “ನನ್ನ ಮೈಯೇ ನನ್ನ ಮೇಲೆ ಯಾಕೆ ತಿರುಗಿಬಿತ್ತು, ಡಾಕ್ಟ್ರೇ?” ಎಂದು ಅಮ್ಮ ಕೇಳಿದಾಗ ವೈದ್ಯೆ ಅವಸರಪಡಲಿಲ್ಲ. ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರಿಗೆ ತಗುಲಿದ ರೆಟ್ರೋವೈರಸ್‌ಗಳ (ತಮ್ಮ ಜೀನ್‌ಗಳನ್ನು ನಮ್ಮ ಡಿಎನ್‌ಎಗೆ ಸೇರಿಸಿಬಿಡುವ ವೈರಸ್‌ಗಳು) ಅವಶೇಷಗಳು ಮಾನವ ಡಿಎನ್‌ಎಯ ಶೇಕಡಾ 8ರಷ್ಟು ಭಾಗವಾಗಿ ಉಳಿದಿವೆ ಎಂದರು. ಸಾಮಾನ್ಯವಾಗಿ ಡಿಎನ್‌ಎಗೆ ಅಂಟಿಕೊಳ್ಳುವ ಮೀಥೈಲ್ ಗುಂಪುಗಳೆಂಬ ಸಣ್ಣ ರಾಸಾಯನಿಕ ಗುರುತುಗಳು ಅವನ್ನು ಸುಮ್ಮನಿರಿಸುತ್ತವೆ. ಲೂಪಸ್‌ನಲ್ಲಿ ಆ ಬಿಗಿ ಸಡಿಲಗೊಂಡಾಗ ಹೊಮ್ಮುವ ವೈರಸ್‌ನ ಆರ್‌ಎನ್‌ಎ (ಡಿಎನ್‌ಎಯ ನಕಲು), ಪ್ರೋಟೀನ್‌ಗಳನ್ನು ರೋಗನಿರೋಧಕ ವ್ಯವಸ್ಥೆಯು ಹೊಸ ಸೋಂಕೆಂದು ಭಾವಿಸಿ ಇಂಟರ್‌ಫೆರಾನ್ ಎಂಬ, ವೈರಸ್ ವಿರುದ್ಧ ಎಚ್ಚರಿಸುವ ಪ್ರೋಟೀನನ್ನು ಸ್ರವಿಸಬಹುದಂತೆ. ಇದು ರೋಗದ ಕಾರಣವೋ ಪರಿಣಾಮವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲವೆಂದೂ, ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನಂತೂ ತಪ್ಪಿಸಬಾರದೆಂದೂ ಸ್ಪಷ್ಟವಾಗಿ ಹೇಳಿದ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಕಾಯುವ ಕೋಣೆ ಇಕ್ಕಟ್ಟು. ಆದರೆ ಆ ಮಾತ್ರೆಗೆ ಅಗತ್ಯವಾದ ಕಣ್ಣಿನ ತಪಾಸಣೆಯನ್ನು ಅವರೇ ನೆನಪಿಸುತ್ತಾರೆ.